ಶೆಫಾಲಿಯ ಪಾಲು

"ಹೆವಾಲಿ ಸೂತ್ರಧರ್! ಯಾರ್ರೀ ಹೆವಾಲಿ ಸೂತ್ರಧರ್?"

ಕೋರ್ಟಿನ ಜವಾನ ಎರಡನೇ ಸಲ ಕೂಗಿದಾಗಲೂ ಶಿವುಲಿ ಬೆಂಚಿನಿಂದ ಏಳಲಿಲ್ಲ. ಗೋಡೆಗೆ ತಲೆ ಆನಿಸಿಕೊಂಡು, ಎದುರಿನ ತಗಡಿನ ಮಾಡಿನ ಮೇಲೆ ಯಾರೋ ಒಣಹಾಕಿದ್ದ ಪಂಚೆಯನ್ನು ನೋಡುತ್ತ ಕೂತಿದ್ದಳು. ವಕೀಲ ಹಾಲೊಯ್ ಫೈಲು ಬಗಲಿಗಿಟ್ಟುಕೊಂಡು ಓಡಿ ಬಂದು ಅವಳ ಕಿವಿಯ ಹತ್ತಿರ ಚಿಟಿಕೆ ಹೊಡೆದ.

"ನಿಮ್ಮನ್ನೇ ಅಕ್ಕಾ, ಬಾಯ್ದೇವ್, ನಿಮ್ಮನ್ನೇ ಕರೀತಿರೋದು! ಎರಡು ವರ್ಷ ಆಯ್ತು, ನಿಮ್ಮ ಹೆಸರು ನಿಮಗಿನ್ನೂ ಗುರುತು ಸಿಗಲ್ವಾ?"

"ನಮ್ಮನೇಲಿ ಯಾರೂ ಹಾಗೆ ಕರೆಯಲ್ಲ ವಕೀಲರೇ."

"ಆ ಮಾತು ಮಾತ್ರ ಒಳಗೆ ಆಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಒಳಗೆ ಹೋಗಿ ಕೈಮುಗಿದು "ಹಾಜರ್" ಅಂದು, ಹೊರಗೆ ಬಂದು ಅದೇ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತಳು. ಇಷ್ಟಕ್ಕೇ ಎಷ್ಟೋ ದಿನಗಳು ಮುಗಿದುಹೋಗಿದ್ದವು. ನಸುಕಿಗೇ ಎದ್ದು, ಬೇಕಿ ನದಿಯನ್ನು ದೋಣಿಯಲ್ಲಿ ದಾಟಿ, ಬಸ್ಸು ಹಿಡಿದು ಪೇಟೆಗೆ ಬರುವುದು. ಹಾಜರ್ ಅನ್ನುವುದು. ಸಾಹೇಬರು ರಜೆ ಅಂತಲೋ, ಸರ್ಕಾರಿ ವಕೀಲರಿಗೆ ಜ್ವರ ಅಂತಲೋ ಕೇಳಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುವುದು. ಮಂಡಕ್ಕಿ ಹುರಿದು ಸಂತೆಯಲ್ಲಿ ಮಾರುವವಳಿಗೆ ಹೋದ ದಿನ ಹೋದ ಹಾಗೆಯೇ. ಗಂಡ ನೃಪೇನ್ ದೋಣಿ ಕಟ್ಟುವ ಬಡಗಿ. ಸೊಂಟ ಹಿಡಿದುಕೊಂಡ ಮೇಲೆ ಅಂಗಳದಲ್ಲಿ ಅವನ ಉಳಿಯ ಸದ್ದು ಅಪರೂಪವಾಗಿತ್ತು. ಈ ದೇಶದವಳೇ ಅಂತ ರುಜುವಾತು ಮಾಡು ಅನ್ನುವ ನೋಟೀಸು ಬಂದ ಹೊಸದರಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಪೊಲೀಸಿನವರ ಬೂಟಿನ ಸದ್ದು ಕನಸಿನಲ್ಲಿ ಕೇಳುತ್ತಿತ್ತು. ಆ ಭಯ ಯಾವಾಗ ಸವೆದುಹೋಯಿತೋ ಅವಳಿಗೇ ತಿಳಿಯದು. ಈಗ ಉಳಿದಿದ್ದು ಸುಸ್ತು ಒಂದೇ. ಹೊರಗಿನವಳು ಅಂತ ಬರೆದು ಜೈಲಿಗೆ ಕಳಿಸುತ್ತಾರೋ, ಇಲ್ಲಿಯವಳು ಅಂತ ಬರೆದು ಮನೆಗೆ ಕಳಿಸುತ್ತಾರೋ, ಎಲ್ಲಿಯಾದರೂ ಸರಿ ಒಂದು ಕಡೆ ಕಾಲು ಚಾಚಿ ಮಲಗಿದರೆ ಸಾಕು ಅನ್ನಿಸುತ್ತಿತ್ತು.

ಕಾನೂನಿನ ಪ್ರಕಾರ ಎಪ್ಪತ್ತೊಂದಕ್ಕೆ ಮೊದಲು ಗಡಿ ದಾಟಿ ಅಸ್ಸಾಮಿಗೆ ಬಂದವರು ಇಲ್ಲಿಯವರು, ಆಮೇಲೆ ಬಂದವರು ಹೊರಗಿನವರು. ಅವಳ ತೀರಿಕೊಂಡ ಅಪ್ಪ ಹರಲಾಲ್ ಮಂಡಲ್ ಅರವತ್ತನಾಲ್ಕರಲ್ಲೇ ಬಂದು ನಿರಾಶ್ರಿತರ ಶಿಬಿರ ಸೇರಿದ್ದವನು. ಶಿಬಿರದ ಚೀಟಿ ಇತ್ತು. ಅದರಲ್ಲಿ ಅವನ ಹೆಸರು, ಹೆಂಡತಿ ಸುರಬಾಲಾ ಹೆಸರು, ಮಗಳು ಶೆಫಾಲಿ, ವಯಸ್ಸು ಎರಡು ಅಂತ ಬರೆದಿತ್ತು. ಶಾಲೆಯಲ್ಲೂ ಶೆಫಾಲಿ ಅಂತಲೇ ಇತ್ತು, ಆದರೆ ಆ ಲೆಕ್ಕದಲ್ಲಿ ವಯಸ್ಸು ನಾಲ್ಕು ವರ್ಷ ಕಡಿಮೆಯಾಗುತ್ತಿತ್ತು. ಮತದಾರರ ಪಟ್ಟಿಯಲ್ಲಿ ಇನ್ನೊಂದೇ ಹೆಸರು. ಪಟ್ಟಿ ಬರೆಯಲು ಬಂದಿದ್ದ ಅಸ್ಸಾಮಿ ಹುಡುಗ ಒಳ್ಳೆಯವನೇ. "ಶಿವುಲಿನಾ? ಆ ಹೂವಿಗೆ ನಮ್ಮಲ್ಲಿ ಹೆವಾಲಿ ಅಂತೀವಿ ಬಾಯ್ದೇವ್, ಬರೆಯೋದು ಶೇವಾಲಿ ಅಂತ. ಎಷ್ಟು ಚೆನ್ನಾಗಿದೆ ನೋಡಿ," ಅಂದಿದ್ದ. ಅವಳಿಗೂ ಚೆನ್ನಾಗಿಯೇ ಕೇಳಿಸಿತ್ತು. ಒಲೆಯ ಮೇಲೆ ಮರಳು ಕಾದು ಹೊಗೆಯಾಡುತ್ತಿತ್ತು. "ಏನೋ ಒಂದು ಬರ್ಕೊಳ್ಳಪ್ಪಾ," ಅಂದಿದ್ದಳು.

ಹಾಲೊಯ್‌ನ ವಾದ ಸರಳವಾಗಿತ್ತು. ಹೂ ಒಂದು, ಭಾಷೆ ಮೂರು, ಹೆಂಗಸು ಒಬ್ಬಳೇ. ವಯಸ್ಸು ಆಗಿನ ಕಾಲದವರು ಬಾಯಿಗೆ ಬಂದಹಾಗೆ ಬರೆಸಿದ್ದು. ಇದನ್ನು ಗಟ್ಟಿ ಮಾಡಲು ಆವತ್ತು ಇಬ್ಬರು ಸಾಕ್ಷಿಗಳನ್ನು ಕರೆಸಿದ್ದ. ಒಬ್ಬರು ಸಂಸ್ಕೃತ ಕಲಿಸಿ ನಿವೃತ್ತರಾದ ತಾರಿಣಿ ಪಾಠಕ್ ಮಾಸ್ತರರು. ಇನ್ನೊಬ್ಬಳು ಸುರಬಾಲಾ.

ಪಾಠಕ್ ಮಾಸ್ತರರು ಬಿಳಿ ಧೋತಿಯುಟ್ಟು, ಕೊಡೆ ಹಿಡಿದು, ಬಾಳೆಲೆಯ ಪೊಟ್ಟಣವೊಂದನ್ನು ಕೂಸಿನಂತೆ ಎದೆಗೆ ಒತ್ತಿಕೊಂಡು ಬಂದಿದ್ದರು. ಸಾಕ್ಷಿ ಕಟ್ಟೆ ಏರಿದವರೇ ಪೊಟ್ಟಣ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟರು. ಒಳಗೆ ಬಾಡಿ ಮುದ್ದೆಯಾದ ಪಾರಿಜಾತದ ಹೂಗಳು. ಎಸಳೆಲ್ಲ ಕಂದಿ, ಕೇಸರಿ ತೊಟ್ಟು ಮಾತ್ರ ಹಾಗೇ ಉಳಿದಿತ್ತು.

"ಇದೇನಿದು?" ಸಾಹೇಬರು ಕೇಳಿದರು. ಅವರಿಗೆ ನೆಗಡಿಯಾಗಿತ್ತು. ಮೇಜಿನ ಮೇಲೆ ಕಟ್ಟು ಕಟ್ಟು ಕಾಗದ, ಪಕ್ಕದಲ್ಲಿ ಬಿಸಿನೀರಿನ ಲೋಟ.

"ಇದೇ ನಾವು ಮಾತಾಡಬೇಕಾದ ವಸ್ತು. ಬೆಳಿಗ್ಗೆ ಆರಿಸಿದಾಗ ಚೆನ್ನಾಗಿತ್ತು. ಬಸ್ಸಲ್ಲಿ ಯಾರೋ ಮೇಲೆ ಕೂತುಬಿಟ್ಟರು."

"ಹೇಳಿ, ಹೇಳಿ."

"ಮೂಲ ಶಬ್ದ ಶೇಫಾಲಿಕಾ, ಸಂಸ್ಕೃತದ್ದು. ಬಂಗಾಳಿಗಳು ಓದುಬರಹದಲ್ಲಿ ಶೆಫಾಲಿ ಅಂತ ಇಟ್ಟುಕೊಂಡರು, ಮನೆಮಾತಲ್ಲಿ ಅದು ಕರಗಿ ಶಿವುಲಿ ಆಯ್ತು. ನಮ್ಮವರು ಶೇವಾಲಿ ಅಂದರು. ನಮ್ಮ ಶಕಾರ ಗಂಟಲಿಗೆ ಇಳಿದುಬಿಡತ್ತೆ ನೋಡಿ, ಅದಕ್ಕೇ ಕೇಳೋರಿಗೆ ಹೆವಾಲಿ. ನೀರು ಒಂದೇ, ಇಳಿಯೋ ಕಡವು ಬೇರೆ."

"ಅರ್ಥ?"

"ದುಂಬಿಗಳು ಮಲಗೋ ಹೂ ಅಂತ ಹಳೇ ಪಂಡಿತರು ಬಿಡಿಸ್ತಾರೆ."

ಸಾಹೇಬರು ಬಿಸಿನೀರು ಗುಟುಕರಿಸಿದರು. "ರಾತ್ರಿ ಅರಳಿ ಬೆಳಗಾಗೋದರೊಳಗೆ ಉದುರೋ ಹೂವು. ಅದರಲ್ಲಿ ದುಂಬಿ ಮಲಗೋದು ಯಾವಾಗ ಮಾಸ್ತರೇ?"

"ಪಾಠ ಮಾಡಿದಷ್ಟು ವರ್ಷವೂ ನನಗೆ ಅದೇ ಅನುಮಾನ ಸಾರ್. ಪಂಡಿತರು ಬೇಗ ಮಲಗ್ತಿದ್ರು ಅಂತ ಕಾಣತ್ತೆ. ಹೂ ಅರಳೋದನ್ನ ನೋಡಿರಲಿಕ್ಕಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಾಸ್ತರರಿಗೆ ಹುರುಪು ಬಂತು. "ಪಡುವಣದವರು ಹರ್‌ಸಿಂಗಾರ್ ಅಂತಾರೆ, ಹರಿಗೆ ಸಿಂಗಾರ ಅಂತ. ದಕ್ಷಿಣದ ಕಡೆ ಪಾರಿಜಾತ, ಕಡಲಲ್ಲಿ ಹುಟ್ಟಿದ್ದು ಅಂತ. ತಮಿಳರು ಹವಳದ ಮಲ್ಲಿಗೆ ಅಂತಾರಂತೆ, ಈ ತೊಟ್ಟಿನ ಬಣ್ಣ ನೋಡಿ, ಸುಳ್ಳಲ್ಲ. ವಿಲಾಯಿತಿ ಪಂಡಿತರು ಇದಕ್ಕೆ ದುಃಖದ ಮರ ಅಂತ ಹೆಸರಿಟ್ಟುಬಿಟ್ಟರು. ಬೆಳಿಗ್ಗೆ ಬುಡದಲ್ಲೆಲ್ಲ ಸುರಿದಿರೋದನ್ನ ಕಂಡು, ಮರ ರಾತ್ರಿಯೆಲ್ಲ ಅತ್ತಿದೆ ಅಂದುಕೊಂಡರೋ ಏನೋ. ಎಷ್ಟು ಹೆಸರಿದ್ದರೂ ಹೂ ಇದೊಂದೇ ಸಾರ್."

ಸರ್ಕಾರಿ ವಕೀಲ ಎದ್ದು ನಿಂತ. ಜಗಳಗಂಟನಲ್ಲ. ನಗುಮುಖದ ಮನುಷ್ಯ. "ಮಾಸ್ತರೇ, ನಮ್ಮನೇಲಿ ಅಡುಗೆ ಮಾಡೋಳು ಪದ್ಮಾ. ನನ್ನ ಹೆಂಡತಿ ಕಮಲಾ. ಅತ್ತೆ ಸರೋಜಿನಿ. ಹೂ ಒಂದೇ ಅಲ್ವಾ?"

"ಒಂದೇ."

"ಹೂ ಒಂದೇ ಅಂತ ನಾನು ಮೂವರನ್ನೂ ಒಬ್ಬಳೇ ಅಂದುಕೊಂಡರೆ ಆ ಮನೇಲಿ ನನಗೆ ಅನ್ನ ಹುಟ್ಟತ್ತಾ?"

ಈ ಸಲ ಎಲ್ಲರೂ ನಕ್ಕರು, ಜವಾನನೂ ನಕ್ಕ. ಮಾಸ್ತರರು ನಗಲಿಲ್ಲ. ಸ್ವಲ್ಪ ಹೊತ್ತು ಬಾಡಿದ ಹೂಗಳನ್ನು ನೋಡಿ, "ಹೂವಿನ ಹೆಸರಿಗಾದರೆ ನಾನು ಸಾಕ್ಷಿ ಹೇಳಬಹುದು," ಅಂದರು. "ಹೆಣ್ಣುಮಗಳಿಗೆ ಅವಳ ತಾಯಿಯೇ ಸಾಕ್ಷಿ."

ಸುರಬಾಲಾಳನ್ನು ಶಿವುಲಿ ತೋಳು ಹಿಡಿದು ಕರೆತಂದು ಕಟ್ಟೆಯ ಮೇಲೆ ನಿಲ್ಲಿಸಿದಳು. ಒಂದು ಕಿವಿ ಮಂದವಾಗಿತ್ತೇ ಹೊರತು ಮುದುಕಿಯ ಬುದ್ಧಿ ಚುರುಕಾಗಿಯೇ ಇತ್ತು. ಕೊರಳಲ್ಲಿ ತುಳಸಿ ಮಣಿಯ ಸರ. ಮದುವೆಯಾದ ವರ್ಷ ಗುರುಗಳು ಕಟ್ಟಿದ್ದನ್ನು ಯಾವತ್ತೂ ತೆಗೆದವಳಲ್ಲ. ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿದಾಗ ಆ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಕೈ ಬಿಡಲೇ ಇಲ್ಲ.

"ನಿಮಗೆಷ್ಟು ಮಕ್ಕಳಮ್ಮ?" ಸಾಹೇಬರು ಗಟ್ಟಿಯಾಗಿ ಕೇಳಿದರು.

"ಹೆತ್ತಿದ್ದು ಇಬ್ಬರನ್ನ. ಉಳಿದೋಳು ಇವಳೊಬ್ಬಳು."

ಶಿವುಲಿ ತಲೆಯೆತ್ತಿ ನೋಡಿದಳು. ಬಸ್ಸಿನ ಆಯಾಸಕ್ಕೆ ಮುದುಕಿಗೆ ಮಾತು ತಪ್ಪಿತು ಅಂದುಕೊಂಡಳು. ಹಾಲೊಯ್ ಕೆಮ್ಮಿದ. ಶಿಬಿರದ ಚೀಟಿಯನ್ನು ಎತ್ತಿ ಹಿಡಿದು, ಮನೆಯಲ್ಲಿ ಹೇಳಿಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದ. "ಮಾಸಿಮಾ, ಈ ಚೀಟೀಲಿ ಶೆಫಾಲಿ ಅಂತಿದೆ. ನಿಮ್ಮ ಮಗಳನ್ನ ನೀವು ಶಿವುಲಿ ಅಂತೀರಿ. ಎರಡೂ ಒಂದೇ ಅಲ್ವಾ?"

ಸುರಬಾಲಾ ಚೀಟಿಯನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು.

"ಹೂ ಒಂದೇ ಬಾಬಾ," ಅಂದಳು. "ಮಗು ಒಂದೇ ಅಲ್ಲ."

ಹಾಲೊಯ್ ಏನೋ ಹೇಳಲು ಬಾಯಿ ತೆರೆದ. ಸಾಹೇಬರು ಕೈಯೆತ್ತಿ ತಡೆದರು. "ನೀವು ಹೇಳಿಯಮ್ಮ. ನಿಧಾನವಾಗಿ."

"ಶೆಫಾಲಿ ದೊಡ್ಡೋಳು. ಅಪ್ಪನ ಹೆಗಲ ಮೇಲೆ ಕೂತು ಬಂದೋಳು ಅವಳು. ಶಿಬಿರದಲ್ಲಿ ಮೂರನೇ ಮಳೆಗಾಲ, ಎಲ್ಲರಿಗೂ ವಾಂತಿಭೇದಿ. ಅವಳಿಗೂ ಬಂತು. ಒಂದು ಹಗಲು, ಒಂದು ರಾತ್ರಿ. ಬೆಳಗಾಗೋ ಹೊತ್ತಿಗೆ ಇರಲಿಲ್ಲ. ಬೇಕಿ ದಂಡೇಲಿ ಮಣ್ಣು ಮಾಡಿದ್ವಿ."

"ಶಿಬಿರದವರಿಗೆ ತಿಳಿಸಿದ್ರಾ?"

"ಇಲ್ಲ."

"ಯಾಕೆ?"

ಮುದುಕಿ ಸರವನ್ನು ಇನ್ನೂ ಬಿಗಿಯಾಗಿ ಹಿಡಿದಳು. "ನಮ್ಮನೆಯವರು ಬೇಡ ಅಂದರು. ಹೆಸರು ಹೊಡೆದುಹಾಕಿದ್ರೆ ಅವಳ ಪಾಲಿನ ಅಕ್ಕಿ ನಿಂತುಹೋಗತ್ತೆ ಅಂದರು. ನನಗಾಗ ತುಂಬಿದ ಬಸುರು. ಅಕ್ಕಿ ಅಳೆಯೋನು ಕೂಗೋನು, ಹರಲಾಲ್, ಸುರಬಾಲಾ, ಶೆಫಾಲಿ. ಇವರು ಇದಾಳೆ ಇದಾಳೆ ಅನ್ನೋರು. ನಾನು ಸೆರಗೊಡ್ಡಿ ಹಾಕಿಸ್ಕೊಳ್ತಿದ್ದೆ. ಬೇಯಿಸ್ತಿದ್ದೆ. ಹಸಿವಾಗ್ತಿತ್ತು, ತಿಂತಿದ್ದೆ. ಸತ್ತೋಳ ಪಾಲು ತಿಂದೇ ಇವಳನ್ನ ಹೆತ್ತೆ. ಆ ಅನ್ನದಿಂದಲೇ ಇವಳಿಗೆ ಹಾಲು ಬಂತು."

ಗಡಿಯಾರದ ಪಕ್ಕದಲ್ಲಿ ಹಲ್ಲಿ ಲೊಚಗುಟ್ಟಿತು.

"ಹಾಗಾದರೆ ಇವಳು ಹುಟ್ಟಿದ್ದು ಎಲ್ಲಿ?"

"ಅದೇ ಶಿಬಿರದ ಟೆಂಟಲ್ಲಿ. ದುರ್ಗಾಪೂಜೆಗೆ ಇನ್ನೇನು ನಾಲ್ಕು ದಿನ ಇತ್ತು. ಇವಳನ್ನ ಎತ್ತಿಕೊಂಡು ಇವಳಪ್ಪ, ಶೆಫಾಲೀನೇ ವಾಪಸ್ ಬಂದಳು ಅಂದರು. ಇವಳೇ ಶೆಫಾಲಿ ಅಂದರು. ಚೀಟೀಲೂ ಅದೇ, ಶಾಲೇಲೂ ಅದೇ ಬರೆಸಿದರು. ನನ್ನ ನಾಲಗೆ ಹೊರಳಲಿಲ್ಲ ಸಾಹೇಬರೇ. ಆ ಹೆಸರು ಹಿಡಿದು ಕರೆದಾಗ ಅವಳು ಓ ಅಂದುಬಿಟ್ಟರೆ? ಅದಕ್ಕೇ ಶಿವುಲಿ ಅಂದೆ. ಅರ್ಥ ಅದೇ ತಾನೇ? ಅವಳ ಹೆಸರನ್ನೂ ಕಿತ್ತುಕೊಂಡ ಹಾಗಾಗಲಿಲ್ಲ, ಇವಳಿಗೂ ಇಲ್ಲ ಅಂದಹಾಗಾಗಲಿಲ್ಲ."

ಶಿವುಲಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಮೊದಲು ಅರಿವಾದದ್ದು ತನ್ನ ಕಾಲು ನೋಯುತ್ತಿದೆ ಅನ್ನುವುದು.

ಹೊರಗೆ ಬಂದದ್ದೇ ಹಾಲೊಯ್ ಫೈಲನ್ನು ಬೆಂಚಿನ ಮೇಲೆ ಒಗೆದ. "ಏನ್ ಮಾಡಿಬಿಟ್ರಿ ಮಾಸಿಮಾ! ಆ ಒಂದು ಚೀಟಿ ಇಟ್ಟುಕೊಂಡು ಎರಡು ವರ್ಷ ಒದ್ದಾಡಿದೀನಿ. ನಿಮ್ಮ ಕೈಯಾರೆ ಮಗಳ ಕತ್ತು ಕುಯ್ದುಬಿಟ್ರಲ್ಲ! ನನಗೊಂದು ಮಾತು ಮೊದಲೇ ಹೇಳೋಕೇನಾಗಿತ್ತು?"

"ನೀನು ಕೇಳಲಿಲ್ಲ ಬಾಬಾ. ಹೀಗನ್ನಿ ಅಂತ ಹೇಳಿಕೊಟ್ಟೆ, ಅಷ್ಟೇ."

"ಸುಮ್ಮನೆ ಹೂಂ ಅಂದಿದ್ರೆ ಮುಗೀತಿತ್ತು!"

"ಕೊರಳಿನ ತುಳಸಿ ಕಂಠಿ ಹಿಡ್ಕೊಂಡಿದ್ದೆನಲ್ಲ," ಸುರಬಾಲಾ ಅಂದಳು. "ಅಷ್ಟು ವರ್ಷ ಯಾರೂ ಪ್ರಮಾಣ ಮಾಡಿಸಿ ಕೇಳಿರಲಿಲ್ಲ."

ಪಾಠಕ್ ಮಾಸ್ತರರು ಹೋಗದೆ ಅಲ್ಲೇ ನಿಂತಿದ್ದರು. ಬಿಸಿಲಿಲ್ಲದಿದ್ದರೂ ಕೊಡೆ ಬಿಡಿಸಿ ಮುದುಕಿಯ ತಲೆಯ ಮೇಲೆ ಹಿಡಿದು ಬಸ್ ನಿಲ್ದಾಣದವರೆಗೂ ನಡೆದುಬಂದರು. ಬಸ್ಸು ಹೊರಟಾಗ ಶಿವುಲಿಗೆ ಕೈಮುಗಿದರು.

ದಾರಿಯುದ್ದಕ್ಕೂ ತಾಯಿ ಮಗಳು ಮಾತಾಡಲಿಲ್ಲ. ಊರಿಗೆ ಬಂದ ಮೇಲೂ ಆಡಲಿಲ್ಲ. ನೃಪೇನ್ ಏನಾಯಿತು ಅಂತ ಕೇಳಿದ. "ನಮ್ಮಮ್ಮನ್ನ ಕೇಳು," ಅಂದು ಶಿವುಲಿ ಒಲೆಯ ಮುಂದೆ ಕೂತಳು. ಮರಳು ಕಾಯಿಸಿದಳು, ಅಕ್ಕಿ ಸುರಿದಳು, ಕಡ್ಡಿಯ ಪೊರಕೆಯಿಂದ ಆಡಿಸಿದಳು. ಮಂಡಕ್ಕಿ ಚಟಚಟ ಅರಳಿತು. ಅದೇ ಕೆಲಸ, ಅದೇ ಹೊಗೆ. ಆದರೆ ಕೈ ಆಡುತ್ತಿದ್ದ ಹಾಗೇ ಹಳೆಯ ಸಂಗತಿಗಳು ಒಂದೊಂದಾಗಿ ಎದ್ದು ಬರತೊಡಗಿದವು. ಅಪ್ಪ ಕರೆಯುವಾಗ ಅವಳ ಮುಖವನ್ನು ನೋಡುತ್ತಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದ. ಅವಳಿಗೆ ಏಳೋ ಎಂಟೋ ವರ್ಷವಿದ್ದಾಗ ಹೊಟ್ಟೆ ಕೆಟ್ಟು ನಿತ್ರಾಣವಾಗಿದ್ದಳು. ಸಾಧಾರಣ ಬೇನೆ. ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನಲ್ಲಿ ಆಸ್ಪತ್ರೆಯವರೆಗೂ ಓಡಿದ್ದ. ಓಡುತ್ತ ಶೆಫಾಲಿ, ಶೆಫಾಲಿ ಅಂತ ಕರೆದು ಅಳುತ್ತಿದ್ದ. ನಾನು ಇಲ್ಲೇ ಇದ್ದೀನಲ್ಲ, ಅಪ್ಪ ಯಾಕೆ ದೂರದಲ್ಲಿರುವವರನ್ನು ಕರೆದ ಹಾಗೆ ಕರೆಯುತ್ತಾನೆ ಅಂತ ಅವಳಿಗೆ ಆಗ ಅನ್ನಿಸಿತ್ತು. ಆಮೇಲೆ ಮರೆತುಹೋಗಿತ್ತು.

ಪೂಜೆ ಬಂತು, ಹೋಯಿತು. ಪಕ್ಕದ ಮನೆಯವರು ಕರೆದರೂ ಶಿವುಲಿ ಮಂಟಪಕ್ಕೆ ಹೋಗಲಿಲ್ಲ. ಸುರಬಾಲಾ ತಟ್ಟೆಯಲ್ಲಿ ಅನ್ನ ಬಿಡುವುದಕ್ಕೆ ಶುರು ಮಾಡಿದ್ದಳು. ಒಂದು ಮಧ್ಯಾಹ್ನ ಅರ್ಧಕ್ಕರ್ಧ ಬಿಟ್ಟ ತಟ್ಟೆಯನ್ನು ಎತ್ತಿಕೊಳ್ಳುವಾಗ ಶಿವುಲಿಗೆ ತಡೆಯಲಾಗಲಿಲ್ಲ.

"ಈಗ್ಯಾಕೆ ಬಿಡ್ತೀಯ? ಆವಾಗ ತಿಂದೆಯಲ್ಲ!"

ಅಂದ ಕೂಡಲೇ ಆಡಬಾರದ್ದನ್ನು ಆಡಿದೆ ಅನ್ನಿಸಿತು. ಆದರೆ ಮಾತು ನಿಲ್ಲಲಿಲ್ಲ. "ನನಗೆ ಅಂತ ಒಂದು ಹೆಸರೂ ಹುಟ್ಟಲಿಲ್ವಾ ಮಾ ನಿಮಗೆ? ನಾನು ಯಾಕೆ ಹುಟ್ಟಿದೆ, ಚೀಟೀಲಿ ಖಾಲಿಯಾಗಿದ್ದ ಜಾಗ ತುಂಬೋದಕ್ಕಾ? ಸತ್ತೋಳ ಲಂಗ ತೊಡಿಸಿದ ಹಾಗೆ ಹೆಸರು ತೊಡಿಸಿಬಿಟ್ರಿ!"

ಸುರಬಾಲಾ ಗೋಡೆಗೊರಗಿ ಕೂತಿದ್ದಳು. "ಲಂಗಾನೂ ಅವಳದ್ದೇ ತೊಡಿಸಿದ್ದೆ," ಅಂದಳು. "ಬೇರೆ ಬಟ್ಟೆ ಇರಲಿಲ್ಲ."

ಶಿವುಲಿ ತಟ್ಟೆ ಹಿಡಿದುಕೊಂಡೇ ನಿಂತಳು. ಅಂಗಳದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಹಲಗೆ ಉಜ್ಜುತ್ತಿದ್ದ ನೃಪೇನ್ ಕೈ ನಿಲ್ಲಿಸಿದ.

"ನೀನು ಹೊಟ್ಟೇಲಿ ಒದೀತಿದ್ದೆ," ಮುದುಕಿ ಮುಂದುವರಿಸಿದಳು. ಸಮಜಾಯಿಷಿ ಹೇಳುವ ಧ್ವನಿಯಲ್ಲ, ಸಂತೆಯ ವಿಷಯ ಹೇಳುವ ಧ್ವನಿ. "ಅವಳನ್ನ ಮಣ್ಣಿಗಿಟ್ಟು ಬಂದ ದಿನವೂ ಒದೀತಿದ್ದೆ. ನನಗೆ ಸಿಟ್ಟು ಬಂತು. ಇದಕ್ಕೆ ಏನೂ ತಿಳಿಯಲ್ವಲ್ಲ ಅಂತ. ಆಮೇಲೆ ಪಾಪ ಅನ್ನಿಸ್ತು. ಇದಕ್ಕೇನು ಗೊತ್ತು, ಇದಕ್ಕೆ ಹಸಿವು ಅಂತ ತಿಂದೆ. ನನಗೂ ಹಸಿವಿತ್ತು. ಎಲ್ಲಾ ನಿನ್ನ ತಲೆ ಮೇಲೆ ಹಾಕೋದು ಬೇಡ."

ಶಿವುಲಿ ತಟ್ಟೆಯನ್ನು ಕೆಳಗಿಟ್ಟು ಅಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಹೇಗಿದ್ದಳು?"

"ನಿನ್ನ ಹಾಗಲ್ಲ. ಮೂಗಿನ ತುದೀಲಿ ಸಿಟ್ಟು. ಮೀನಿನ ತಲೆ ಅವಳಿಗೇ ಬೇಕು. ಇನ್ನೂ ಹಲ್ಲು ಗಟ್ಟಿಯಾಗಿರಲಿಲ್ಲ, ಆದರೂ ಅವಳ ತಟ್ಟೇಗೇ ಹಾಕಬೇಕು. ಅಪ್ಪ ಬೈದರೆ ಅವರ ಗಡ್ಡ ಹಿಡಿದು ಜಗ್ಗೋಳು."

"ಅಪ್ಪನಿಗೆ ಗಡ್ಡ ಇತ್ತಾ?"

"ಆವಾಗ ಇತ್ತು. ಆಮೇಲೆ ಬೋಳಿಸಿಬಿಟ್ಟರು. ಮತ್ತೆ ಬಿಡಲಿಲ್ಲ."

ಇಷ್ಟು ಹೇಳಿ ಸುರಬಾಲಾ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಳಿದದ್ದನ್ನು ಉಣ್ಣತೊಡಗಿದಳು. ಶಿವುಲಿ ಎದ್ದು ಹೋಗಿ ಅದಕ್ಕೆ ಸ್ವಲ್ಪ ಬಿಸಿ ಸಾರು ಬಿಟ್ಟಳು.

ತೀರ್ಪು ಬಂದದ್ದು ಮಾಘದ ಚಳಿಯಲ್ಲಿ. ನೃಪೇನ್ ಸೊಂಟ ಹಿಡಿದುಕೊಂಡೇ ಜೊತೆಗೆ ಬಂದಿದ್ದ. ಜೈಲಿನ ವ್ಯಾನು ಬಂದರೆ ಅದರ ಹಿಂದೆ ಓಡಲಾದರೂ ಒಬ್ಬ ಬೇಕಲ್ಲ ಅಂತ ಅವನೇ ಹೇಳಿ ತಾನೇ ನಕ್ಕಿದ್ದ. ಶಿವುಲಿ ಒಂದು ಚೀಲದಲ್ಲಿ ಎರಡು ಸೀರೆ, ಸ್ವೆಟರು, ಮಂಡಕ್ಕಿಯ ಪೊಟ್ಟಣ ತುಂಬಿಕೊಂಡಿದ್ದಳು.

ಸಾಹೇಬರು ಓದಿದ್ದು ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಹಾಲೊಯ್ ಹೊರಗೆ ಬಂದು ಬಿಡಿಸಿ ಹೇಳಿದ. ತನಗೇ ಕೆಡುಕಾಗುವ ಮಾತನ್ನು ಈ ತಾಯಿ ಪ್ರಮಾಣ ಮಾಡಿ ಹೇಳಿದ್ದಾಳೆ, ಸುಳ್ಳು ಹೇಳುವವಳಾಗಿದ್ದರೆ ಹೂಂ ಅನ್ನುವುದು ಸುಲಭವಿತ್ತು, ನಾಲ್ಕು ವರ್ಷದ ವ್ಯತ್ಯಾಸಕ್ಕೆ ಈಗ ಕಾರಣ ಸಿಕ್ಕಿದೆ, ಹರಲಾಲನ ಎರಡನೆಯ ಮಗಳು ಈ ನೆಲದ ಮೇಲೆಯೇ ಹುಟ್ಟಿದವಳು, ಆದ್ದರಿಂದ ಇವಳು ಹೊರಗಿನವಳಲ್ಲ.

"ಮುಗೀತು ಬಾಯ್ದೇವ್! ಇನ್ನು ಬರೋದೇ ಬೇಡ. ಮಾಸಿಮಾ, ನಾನು ಆವತ್ತೇ ಅಂದಿದ್ದೆ, ನಿಮ್ಮ ಮಾತೇ ನಮ್ಮನ್ನ ಕಾಪಾಡತ್ತೆ ಅಂತ."

"ಆವತ್ತು ನೀವು ಏನಂದ್ರಿ ಅನ್ನೋದು ನಮ್ಮ ಮನೆಯವಳಿಗೆ ಬಾಯಿಪಾಠ ಆಗಿದೆ ವಕೀಲರೇ," ನೃಪೇನ್ ಅಂದ. "ಕತ್ತಿನ ವಿಷಯ ಏನೋ ಇತ್ತಂತೆ."

ಹಾಲೊಯ್ ನಾಚಿಕೊಂಡು ನಕ್ಕ. ಮುದುಕಿಯ ಕಾಲು ಮುಟ್ಟಿ ನಮಸ್ಕರಿಸಿದ. ಶಿವುಲಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅದೇ ಬೆಂಚಿನ ಮೇಲೆ ಕೂತು, ಚೀಲದಿಂದ ಸ್ವೆಟರು ತೆಗೆದು ತೊಟ್ಟುಕೊಂಡಳು. ಆಮೇಲೇ ಅವಳಿಗೆ ಬೆಳಗಿನಿಂದ ಚಳಿಯಾಗುತ್ತಿತ್ತು ಅನ್ನುವುದು ಗೊತ್ತಾಯಿತು.

ಮನೆಗೆ ಬಂದು ಮಲಗಿದವಳು ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಪಕ್ಕದ ಮನೆಯ ಹೆಂಗಸರು ಸಂದೇಶ್ ಹಂಚು, ರಸಗುಲ್ಲ ಹಂಚು ಅಂತ ಬಾಗಿಲಲ್ಲಿ ಗಲಾಟೆ ಮಾಡಿದರು. ಸುರಬಾಲಾ ಅವರಿಗೆಲ್ಲ ಬೆಲ್ಲದಲ್ಲಿ ಕಟ್ಟಿದ ಮಂಡಕ್ಕಿ ಉಂಡೆ ಕೊಟ್ಟು, "ಅವಳು ಮಲಗಲಿ ಬಿಡಿ," ಅಂತ ಕಳಿಸಿದಳು.

ಶಿವುಲಿ ಎದ್ದು ಮುಖ ತೊಳೆದುಕೊಂಡು ಬಂದಾಗ ಮುದುಕಿ ಶಾಲು ಹೊದ್ದು, ಕೋಲು ಹಿಡಿದು ಜಗಲಿಯ ಮೇಲೆ ಕೂತಿದ್ದಳು.

"ಎಲ್ಲಿಗೆ ಹೊರಟೆ?"

"ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗು."

ಇಬ್ಬರೂ ಮಣ್ಣಿನ ಏರಿ ಹತ್ತಿ ನದಿಯ ಗುಂಟ ಮೇಲಕ್ಕೆ ನಡೆದರು. ಮುದುಕಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಹಳೆಯ ಶಿಬಿರದ ಬಯಲಿನಲ್ಲಿ ಈಗ ಸಾಸಿವೆ ಬಿತ್ತಿದ್ದರು. ಅದರಾಚೆ ಒಂದು ಆಲದ ಮರ, ಆಮೇಲೆ ಸೀಳುದಾರಿ, ಆಮೇಲೆ ಬಿದಿರು ಮೆಳೆ, ಅದರ ಬುಡದಲ್ಲೇ ಶೆಫಾಲಿಯನ್ನು ಮಣ್ಣು ಮಾಡಿದ್ದು ಅಂತ ಸುರಬಾಲಾ ಹೇಳಿಕೊಂಡು ಬಂದಳು. ಸಾಸಿವೆ ಹೊಲ ಮುಗಿದ ಕಡೆ ನೆಲವೂ ಮುಗಿದಿತ್ತು. ದಂಡೆ ಕಡಿದು ಬಿದ್ದ ಗೋಡೆಯ ಹಾಗೆ ಕೆಳಗಿಳಿದಿತ್ತು. ಕೆಳಗೆ ಬೇಕಿ ಹರಿಯುತ್ತಿತ್ತು. ಆಲವೂ ಇರಲಿಲ್ಲ, ಮೆಳೆಯೂ ಇರಲಿಲ್ಲ.

ಇದನ್ನು ಇಬ್ಬರೂ ಬಲ್ಲವರೇ. ವರ್ಷವರ್ಷವೂ ನದಿ ತಿನ್ನುತ್ತಲೇ ಬಂದಿತ್ತು. ಆದರೂ ಮುದುಕಿ ಅಂಚಿನ ತನಕ ಹೋಗಿ ನಿಂತಳು. ಶಿವುಲಿ ಹಿಂದಿನಿಂದ ಅವಳ ಸೊಂಟ ಬಳಸಿ ಹಿಡಿದುಕೊಂಡಳು. ಚಳಿಗಾಲಕ್ಕೆ ನೀರು ಇಳಿದು, ನದಿಯ ನಡುವೆ ಎಲ್ಲೋ ಮರಳು ದಿನ್ನೆ ಎದ್ದಿರಬೇಕು, ಅಲ್ಲಿ ಒಬ್ಬ ಮನುಷ್ಯ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಲೆ ಕಟ್ಟಲು ಬಿದಿರುಗಳನ್ನು ನೆಡುತ್ತಿದ್ದ.

ಸುರಬಾಲಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸಾಸಿವೆ ಹೊಲದಿಂದ ಕಣ್ಣಳತೆಯಲ್ಲೇ ಏನೋ ಲೆಕ್ಕ ಹಾಕಿದಳು. ಆಮೇಲೆ ಕೋಲನ್ನು ಮಗಳ ಕೈಗೆ ಕೊಟ್ಟು ಬಲಗೈ ಎತ್ತಿ ನೇರವಾಗಿ ಅವನಿದ್ದ ಕಡೆಗೆ ತೋರಿಸಿದಳು.

"ಅಲ್ಲಿ."

ದಂಡೆಯ ಮೇಲೆ ಇಬ್ಬರು ಹೆಂಗಸರು ನಿಂತು ಕೈ ತೋರಿಸುತ್ತಿದ್ದುದನ್ನು ಅವನು ಕಂಡ. ತನ್ನನ್ನೇ ಕರೆಯುತ್ತಿದ್ದಾರೆ ಅಂದುಕೊಂಡಿರಬೇಕು. ಬಿದಿರನ್ನು ಕಂಕುಳಲ್ಲಿ ಒತ್ತಿ ಹಿಡಿದು ಕೈ ಬೀಸಿದ. ಸುರಬಾಲಾಳ ಎತ್ತಿದ ಕೈ ಕೆಳಗಿಳಿಯಲಿಲ್ಲ. ಬೆರಳುಗಳು ಬಿಚ್ಚಿಕೊಂಡವು. ಅವಳೂ ಕೈ ಬೀಸಿದಳು.